ಬಲಗಡೆಯ ಪುಟ

ನಾನು ಇರುವುದು ಅಮೆರಿಕದ ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಟ್ಲಾಂಟಾದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ದಾರಿ. ಊರು ಹಾಸನದ ಕಡೆ, ಇಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಮ್ಮ ಬಡಾವಣೆಯಲ್ಲಿ ಸಂಜೆ ವಾಕಿಂಗ್ ಹೊರಟರೆ ಕನ್ನಡ, ತೆಲುಗು, ತಮಿಳು ಎಲ್ಲಾ ಕಿವಿಗೆ ಬೀಳುತ್ತದೆ. ರಾಗಿ ಹಿಟ್ಟು ಹತ್ತು ನಿಮಿಷದ ದೂರದಲ್ಲಿ ಸಿಗುತ್ತದೆ. 2020ರ ಗಣತಿಯಲ್ಲಿ ಕೌಂಟಿಯ ಜನಸಂಖ್ಯೆ ಸುಮಾರು 2.5 ಲಕ್ಷ ಇತ್ತು. ಅದರಲ್ಲಿ ಏಷ್ಯಾ ಮೂಲದವರು ಐದರಲ್ಲಿ ಒಬ್ಬರ ಹತ್ತಿರ ಇದ್ದಾರೆ. ಕಪ್ಪು ಜನ ಮಾತ್ರ ಬಹಳ ಕಡಿಮೆ.

ಯಾಕೆ ಕಡಿಮೆ ಅಂತ ನಾನು ಎಷ್ಟೋ ವರ್ಷ ಯೋಚನೆಯನ್ನೇ ಮಾಡಿರಲಿಲ್ಲ.

ಊರಿಂದ ಹೊಸದಾಗಿ ಬಂದವರು ಮನೆ ಹುಡುಕುವಾಗ ನಮ್ಮಂಥವರನ್ನು ಕೇಳುತ್ತಾರೆ. "ಯಾವ ಏರಿಯಾ ಒಳ್ಳೇದು?" ನಾನು ಹೇಳುತ್ತಿದ್ದೆ, "ಇಲ್ಲಿಗೇ ಬನ್ನಿ. ಸ್ಕೂಲು ಚೆನ್ನಾಗಿದೆ, ಸೇಫ್ ಆಗಿದೆ. ಆ ಕಡೆ ಮಾತ್ರ ಬೇಡ." ಆ ಕಡೆ ಅಂದರೆ ಏನು ಅಂತ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಕೇಳಿದವರಿಗೂ ಅರ್ಥ ಆಗುತ್ತಿತ್ತು, ಹೇಳಿದ ನನಗೂ ಗೊತ್ತಿತ್ತು. ಕಪ್ಪು ಜನ ಜಾಸ್ತಿ ಇರುವ ಕಡೆ.

ಒಂದು ದಿನ ಮನೆ ತೆರಿಗೆಯ ಕೆಲಸಕ್ಕೆ ಕಮಿಂಗ್ ಪಟ್ಟಣಕ್ಕೆ ಹೋಗಿದ್ದೆ. ಅದು ಕೌಂಟಿಯ ಮುಖ್ಯ ಊರು. ಊರ ನಡುವೆ 2021ರಲ್ಲಿ ನಿಲ್ಲಿಸಿದ ಒಂದು ಫಲಕ ಇದೆ. ರಾಬ್ ಎಡ್ವರ್ಡ್ಸ್ ಎಂಬ ಕಪ್ಪು ಮನುಷ್ಯನನ್ನು 1912ರ ಸೆಪ್ಟೆಂಬರ್‌ನಲ್ಲಿ ಜನರ ಗುಂಪು ಜೈಲಿನಿಂದ ಎಳೆದು ತಂದು ಕೊಂದು, ಇದೇ ಚೌಕದಲ್ಲಿ ಕಂಬಕ್ಕೆ ನೇತುಹಾಕಿತು ಎಂದು ಆ ಫಲಕದ ಕಥೆ. ಅಲ್ಲಿ ನಿಂತು ಓದಿದೆ. ಕಾರಿಗೆ ಬಂದು ಕೂತೆ. ಕೀಲಿ ತಿರುಗಿಸಲು ಕೈ ಬರಲಿಲ್ಲ.

ಅಂದು ರಾತ್ರಿಯಿಂದ ಓದಲು ಶುರು ಮಾಡಿದೆ. ಒಬ್ಬ ಬಿಳಿ ಯುವತಿಯ ಮೇಲೆ ಹಲ್ಲೆ ಆಗಿತ್ತು. ಅವಳು ಎರಡು ವಾರ ನರಳಿ ತೀರಿಹೋದಳು. ಎಡ್ವರ್ಡ್ಸ್ ಜೊತೆ ಆ ಹಲ್ಲೆಯ ಆರೋಪ ಹೊತ್ತ ಕಪ್ಪು ಹುಡುಗರಲ್ಲಿ ಅರ್ನೆಸ್ಟ್ ನಾಕ್ಸ್‌ಗೆ 16 ವರ್ಷ, ಆಸ್ಕರ್ ಡೇನಿಯಲ್ ಅವನಿಗಿಂತ ಸ್ವಲ್ಪವೇ ದೊಡ್ಡವನು. ಒಂದೇ ದಿನದ ವಿಚಾರಣೆ ನಡೆಸಿ ಇಬ್ಬರಿಗೂ ಗಲ್ಲು ಶಿಕ್ಷೆ ಕೊಟ್ಟರು. 1912ರ ಅಕ್ಟೋಬರ್ 25ರಂದು ಸಾವಿರಾರು ಜನರ ಮುಂದೆ ಆ ಹುಡುಗರನ್ನು ಗಲ್ಲಿಗೇರಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ಹೊತ್ತು ಕುದುರೆ ಮೇಲೆ ಬಂದು ಮನೆಗಳಿಗೆ ಗುಂಡು ಹಾರಿಸಿದರು. ಚರ್ಚುಗಳಿಗೆ ಬೆಂಕಿ ಇಟ್ಟರು. "ಊರು ಬಿಡಿ" ಎಂದರು. ಆಗ ಕೌಂಟಿಯಲ್ಲಿ ಸುಮಾರು 1,100 ಕಪ್ಪು ಜನ ಇದ್ದರು, ಅಂದರೆ ಸುಮಾರು ಹತ್ತರಲ್ಲಿ ಒಬ್ಬರು. ಕೆಲವೇ ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಖಾಲಿ. ಕೆಲವರು ಜಮೀನನ್ನು ಸಿಕ್ಕಷ್ಟಕ್ಕೆ ಮಾರಿ ಹೋದರು. ಕೆಲವರಿಗೆ ಅದಕ್ಕೂ ಪುರುಸೊತ್ತು ಸಿಗಲಿಲ್ಲ. ಅವರ ಹೊಲಕ್ಕೆ ಬೇರೆಯವರು ತೆರಿಗೆ ಕಟ್ಟುತ್ತಾ ಕಟ್ಟುತ್ತಾ ತಮ್ಮದೇ ಮಾಡಿಕೊಂಡರು.

ಆಮೇಲೆ ಮುಕ್ಕಾಲು ಶತಮಾನ ಇದು ಬಿಳಿಯರದ್ದೇ ಕೌಂಟಿ. 1987ರ ಜನವರಿ 17ರಂದು ಕಪ್ಪು ಜನರ ಹಕ್ಕುಗಳ ಹೋರಾಟಗಾರ ಹೊಸಿಯಾ ವಿಲಿಯಮ್ಸ್ ಮುಂದಾಳತ್ವದಲ್ಲಿ ಸಣ್ಣ ಗುಂಪೊಂದು ಇಲ್ಲಿ ಮೆರವಣಿಗೆ ಮಾಡಲು ಬಂದಾಗ ಕಲ್ಲು, ಬಾಟಲಿ ತೂರಿದರು. ಒಂದು ವಾರ ಬಿಟ್ಟು ಸುಮಾರು 20,000 ಜನ ಬಂದರು, ಸೈನಿಕರ ಕಾವಲಿನಲ್ಲಿ ನಡೆದರು. 1987 ಅಂದರೆ ನಾನು ಊರಲ್ಲಿ ಪ್ರೈಮರಿ ಶಾಲೆಗೆ ಹೋಗುತ್ತಿದ್ದ ವರ್ಷ. ಅಷ್ಟು ಹತ್ತಿರದ ಸಂಗತಿ.

"ಇಲ್ಲಿ ಸೇಫ್" ಅಂತ ನಾನು ಹೇಳುತ್ತಿದ್ದ ಮಾತಿನ ಬೇರು ಎಲ್ಲಿತ್ತು ಅಂತ ಆಗ ಗೊತ್ತಾಯಿತು. ಯಾರನ್ನೋ ಓಡಿಸಿದ ಊರಲ್ಲಿ ಕೂತು, ಅವರ ಮಕ್ಕಳು ಮೊಮ್ಮಕ್ಕಳು ಇರುವ ಕಡೆ ಹೋಗಬೇಡಿ ಅಂತ ಇನ್ನೊಬ್ಬರಿಗೆ ಬುದ್ಧಿ ಹೇಳುತ್ತಿದ್ದೆ.

ಮುಂದಿನ ಫೆಬ್ರವರಿಗೆ ಒಂದು 200 ಪುಟದ ನೋಟ್‌ಬುಕ್ ತಂದೆ. ಇಲ್ಲಿ ಫೆಬ್ರವರಿ ಅಂದರೆ ಕಪ್ಪು ಜನರ ಇತಿಹಾಸದ ತಿಂಗಳು. ಶುರು ಮಾಡಿದವರು ಕಾರ್ಟರ್ ವುಡ್‌ಸನ್. ಗುಲಾಮರಾಗಿದ್ದ ತಂದೆತಾಯಿಯ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿದು, ಇಪ್ಪತ್ತರ ವಯಸ್ಸಿನಲ್ಲಿ ಹೈಸ್ಕೂಲ್ ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದವರು. (1912. ನಮ್ಮ ಕೌಂಟಿ ಖಾಲಿಯಾದ ಅದೇ ವರ್ಷ. ಆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಬರೆದುಕೊಂಡೆ.) ಅವರು 1926ರಲ್ಲಿ ಒಂದು ವಾರ ಅಂತ ಶುರು ಮಾಡಿದ್ದು 1976ರಲ್ಲಿ ಒಂದು ತಿಂಗಳಾಯಿತು. ಶಾಲೆಗಳಲ್ಲಿ ಮಕ್ಕಳು ಪೋಸ್ಟರ್ ಮಾಡುತ್ತಾರೆ, ಆಫೀಸಿನಲ್ಲಿ ಒಂದು ಇಮೇಲ್ ಬರುತ್ತದೆ. ನಾನೂ ಪ್ರತಿ ವರ್ಷ ಆ ಇಮೇಲನ್ನು ಓದಿ ಮುಚ್ಚಿದವಳೇ.

ನೋಟ್‌ಬುಕ್ಕಿಗೆ ಒಂದು ಕ್ರಮ ಇಟ್ಟುಕೊಂಡೆ. ಎಡಗಡೆ ಪುಟದಲ್ಲಿ ನಡೆದದ್ದು. ಬಲಗಡೆ ಪುಟದಲ್ಲಿ ನಾನು. ಎಡಗಡೆ ಬರೆಯುವುದು ಸುಲಭ. ಬಲಗಡೆಗೆ ಒಂದೇ ಪ್ರಶ್ನೆ: ಈ ಕಥೆಯಲ್ಲಿರುವ ಜನರಲ್ಲಿ ನನ್ನ ಹಾಗೆ ಇರುವವರು ಯಾರು? ದೊಡ್ಡವರ ಹೆಸರು ಬರೆಯಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಮಹಾತ್ಮರ ಕಥೆ ಓದುವಾಗ ನಾವು ಸುಮ್ನೆ ಅವರ ಪಕ್ಕ ಹೋಗಿ ನಿಂತುಬಿಡುತ್ತೇವೆ ಅಲ್ವಾ? ನಾನಿದ್ದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ ಅಂತ. ಅದನ್ನು ಬಿಡಬೇಕಿತ್ತು.

ಮೊದಲ ಬಲಗಡೆ ಪುಟ ಬರೆಯಲು ನಾಲ್ಕು ದಿನ ಹಿಡಿಯಿತು. ಫೋರ್ಸೈತ್ ಕಥೆಯಲ್ಲಿ ನಾನು ಬೆಂಕಿ ಇಟ್ಟವಳಲ್ಲ, ಓಡಿಹೋದವಳೂ ಅಲ್ಲ. ಆಮೇಲೆ ಬಂದು ಆ ಹೊಲದಲ್ಲಿ ಬಿತ್ತನೆ ಮಾಡಿದವರು ಇದ್ದರಲ್ಲ, ಹಿಂದೆ ಇಲ್ಲಿ ಯಾರಿದ್ದರು ಅಂತ ಕೇಳದವರು, ಅವರ ಜಾಗದಲ್ಲಿ ನನ್ನ ಹೆಸರು ಬರೆದೆ. ಬರೆದ ಮೇಲೆ ಇನ್ನೊಂದು ನೆನಪು ಬಂತು. ಅದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿ ಬರೆದೆ.

ನನಗೆ ಆಗ ಒಂಬತ್ತು ವರ್ಷ ಇರಬಹುದು. ಬೇಸಿಗೆ ರಜೆ. ಅಜ್ಜಿ ಮನೆಯ ಹಿತ್ತಲ ಗೋಡೆಯ ಗೂಡಿನಲ್ಲಿ ಎರಡು ಅಲ್ಯೂಮಿನಿಯಂ ಲೋಟ ಇರುತ್ತಿದ್ದವು. ಗದ್ದೆ ಕೆಲಸಕ್ಕೆ ಬರುವ ಕೇರಿಯವರಿಗೆ ಆ ಲೋಟ. ಅವರೇ ತೆಗೆದುಕೊಳ್ಳಬೇಕು, ಅವರೇ ತೊಳೆದು ಇಡಬೇಕು. ಕಾಫಿ ಹಾಕುವ ಕೆಲಸ ಆ ರಜೆಯಲ್ಲಿ ನನ್ನದು. ಅಜ್ಜಿ ಹೇಳಿಕೊಟ್ಟಿದ್ದರು, "ಮೇಲಿಂದ ಹುಯ್ಯಿ, ತಾಗಿಸಬೇಡ." ಪಾತ್ರೆಯ ಅಂಚು ಲೋಟಕ್ಕೆ ತಾಗದ ಹಾಗೆ, ಒಂದು ಮೊಳ ಮೇಲಿಂದ, ಒಂದು ಹನಿಯೂ ಚೆಲ್ಲದ ಹಾಗೆ ಸುರಿಯುವುದನ್ನು ನಾನು ಚೆನ್ನಾಗಿ ಕಲಿತಿದ್ದೆ. ಜಾಣೆ ಅಂತ ಅಜ್ಜಿ ಹೊಗಳಿದ್ದರು. ಆ ಹೊಗಳಿಕೆಯ ಖುಷಿ ಇವತ್ತಿಗೂ ನೆನಪಿದೆ. ಲೋಟ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ ಹೆಂಗಸಿನ ಮುಖ ನೆನಪಿಲ್ಲ.

ನನ್ನ ಅಜ್ಜಿ ಕೆಟ್ಟವರಲ್ಲ. ನನ್ನನ್ನು ಎದೆಗೆ ಅವುಚಿಕೊಂಡು ಸಾಕಿದವರು. ಆದರೆ ಆ ಕೈ ನನಗೆ ಕಲಿಸಿದ ಅಂತರ ನನ್ನ ಜೊತೆಗೇ ವಿಮಾನ ಹತ್ತಿ ಬಂದಿತ್ತು. "ಆ ಕಡೆ ಬೇಡ" ಅನ್ನುವಾಗ ನನ್ನ ಬಾಯಲ್ಲಿ ಇದ್ದದ್ದು ಅದೇ ಒಂದು ಮೊಳದ ಅಂತರ.

ಮಾರ್ಟಿನ್ ಲೂಥರ್ ಕಿಂಗ್ ಇದನ್ನು ನಮಗಿಂತ ಮೊದಲೇ ಕಂಡಿದ್ದರು. ಅವರು 1959ರಲ್ಲಿ ಭಾರತಕ್ಕೆ ಹೋಗಿದ್ದರು. ಕೇರಳದ ಒಂದು ಶಾಲೆಯಲ್ಲಿ, ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳ ಮುಂದೆ, ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದಿಂದ ಬಂದ ನಮ್ಮಂಥದೇ ಅಸ್ಪೃಶ್ಯರು ಅಂತ ಪರಿಚಯ ಮಾಡಿಕೊಟ್ಟರಂತೆ. ಮೊದಲು ಅವರಿಗೆ ಬೇಸರವಾಯಿತು. ಆಮೇಲೆ ತಮ್ಮ ಜನರ ಸ್ಥಿತಿ ನೆನೆದು, ಹೌದು, ನಾನೂ ಅಸ್ಪೃಶ್ಯನೇ ಅಂದುಕೊಂಡರು. ಇದನ್ನು ಅವರು 1965ರ ಜುಲೈ 4ರಂದು ಅಟ್ಲಾಂಟಾದ ಎಬೆನೆಜರ್ ಚರ್ಚಿನಲ್ಲಿ ಹೇಳಿದರು. ಆ ಚರ್ಚ್ ನನ್ನ ಮನೆಯಿಂದ ಒಂದು ಗಂಟೆ. ನಾನು ಆ ದಾರಿಯಲ್ಲಿ ವಿಮಾನ ನಿಲ್ದಾಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಒಳಗೆ ಹೋಗಿದ್ದು ಆ ಫೆಬ್ರವರಿಯಲ್ಲಿ, ಮೊದಲ ಸಲ.

ಅದೇ 1965ರ ಅಕ್ಟೋಬರ್‌ನಲ್ಲಿ ಅಮೆರಿಕ ವಲಸೆಯ ಕಾನೂನು ಬದಲಿಸಿತು. ಅದಕ್ಕೂ ಮುಂಚೆ, 1946ರ ಕಾನೂನಿನ ಪ್ರಕಾರ, ವರ್ಷಕ್ಕೆ 100 ಭಾರತೀಯರಿಗೆ ಮಾತ್ರ ಅವಕಾಶ ಇತ್ತು. ಇನ್ನೂ ಹಿಂದೆ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರಿಗೆ ನೀವು ಬಿಳಿಯರಲ್ಲ, ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. 1964ರ ನಾಗರಿಕ ಹಕ್ಕುಗಳ ಕಾನೂನು, 1965ರ ಮತದಾನದ ಕಾನೂನು, ಅದರ ಬೆನ್ನಿಗೇ ಈ ವಲಸೆ ಕಾನೂನು. ಮೂರೂ ಒಂದೇ ಗಾಳಿಯಲ್ಲಿ ಬಂದವು. ಬೀದಿಯಲ್ಲಿ ಏಟು ತಿಂದವರು ಕಪ್ಪು ಜನ. ಆ ಬಾಗಿಲಿನಿಂದ ಆಮೇಲೆ ಒಳಗೆ ಬಂದವರಲ್ಲಿ ನಾನೂ ಒಬ್ಬಳು. ಈ ಋಣದ ಬಗ್ಗೆ ನಮ್ಮ ಸಮಾರಂಭಗಳಲ್ಲಿ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ನಾನೂ ಮಾತಾಡಿರಲಿಲ್ಲ.

ಎರಡನೇ ವಾರ ಮಾಂಟ್ಗೊಮರಿಗೆ ಹೋಗಿ ಬಂದೆ. ಪಕ್ಕದ ಅಲಬಾಮಾ ರಾಜ್ಯದ ರಾಜಧಾನಿ, ಕಾರಿನಲ್ಲಿ ಮೂರು ಗಂಟೆ ದಾಟುತ್ತದೆ. ಅಲ್ಲಿ 2018ರಲ್ಲಿ ತೆರೆದ ಒಂದು ಸ್ಮಾರಕ ಇದೆ. ಗುಂಪುಗಳ ಕೈಯಲ್ಲಿ ಸತ್ತ ಕಪ್ಪು ಜನರಿಗಾಗಿ ಕಟ್ಟಿದ್ದು. 800ಕ್ಕೂ ಜಾಸ್ತಿ ಉಕ್ಕಿನ ಕಂಬಗಳು, ಕೌಂಟಿಗೊಂದು. ಒಳಗೆ ಹೋಗುವಾಗ ಕಂಬಗಳು ನಮ್ಮ ಎತ್ತರಕ್ಕೇ ಇರುತ್ತವೆ. ನಡೆಯುತ್ತಾ ಹೋದಂತೆ ನೆಲ ಇಳಿಯುತ್ತದೆ. ಕಂಬಗಳು ತಲೆಯ ಮೇಲೆ ತೂಗುತ್ತವೆ. ನಾನು ನಮ್ಮ ಕೌಂಟಿಯ ಹೆಸರು ಹುಡುಕಿದೆ. ಅದರ ಬಗ್ಗೆ ಇನ್ನು ಹೆಚ್ಚು ಬರೆಯಲಾರೆ.

ಅದೇ ಊರಲ್ಲಿ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಂಧನವಾದ ಜಾಗವೂ ಇದೆ. ಆ ಕಥೆ ನಮಗೆಲ್ಲ ಗೊತ್ತು ಅಂದುಕೊಂಡಿರುತ್ತೇವೆ. 1955ರ ಡಿಸೆಂಬರ್ 1, ದಣಿದ ಹೆಂಗಸು, ಸೀಟು ಬಿಡಲಿಲ್ಲ. ನಿಜಕ್ಕೂ ಅವರಿಗೆ ಆಗ 42 ವರ್ಷ. ಎಷ್ಟೋ ವರ್ಷಗಳಿಂದ ಊರಿನ ಹಕ್ಕುಗಳ ಸಂಘದಲ್ಲಿ ಕಾರ್ಯದರ್ಶಿಯಾಗಿ ದುಡಿದವರು. ಆ ಬೇಸಿಗೆಯಲ್ಲೇ, ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಟೆನೆಸಿ ರಾಜ್ಯದ ಹೈಲ್ಯಾಂಡರ್ ಶಾಲೆಗೆ ಹೋಗಿ ಬಂದಿದ್ದರು. ಮೈ ದಣಿದಿರಲಿಲ್ಲ, ತಗ್ಗಿ ತಗ್ಗಿ ದಣಿದಿದ್ದೆ ಅಂತ ಆಮೇಲೆ ಅವರೇ ಹೇಳಿದ್ದಾರೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸೀಟಿನ ಸಾಲು. ಆ ಸಾಲಲ್ಲಿ ನಾಲ್ಕು ಜನ ಕಪ್ಪು ಪ್ರಯಾಣಿಕರಿದ್ದರು. ನಿಂತಿದ್ದ ಒಬ್ಬ ಬಿಳಿ ಮನುಷ್ಯನಿಗಾಗಿ ನಾಲ್ಕೂ ಜನ ಏಳಬೇಕು ಅಂತ ಡ್ರೈವರ್ ಹೇಳಿದ. ಯಾಕೆಂದರೆ ಅವನ ಸಾಲಿನಲ್ಲಿ ಕಪ್ಪು ಜನ ಕೂರುವಂತಿಲ್ಲ. ಮೊದಲು ಯಾರೂ ಏಳಲಿಲ್ಲ. ಡ್ರೈವರ್ ಮತ್ತೆ ಗದರಿದ. ಆಚೆ ಬದಿಯ ಇಬ್ಬರು ಹೆಂಗಸರು ಎದ್ದರು. ಪಾರ್ಕ್ಸ್ ಪಕ್ಕ ಕಿಟಕಿ ಬಳಿ ಕೂತಿದ್ದ ಗಂಡಸೂ ಎದ್ದ. ಅವನು ದಾಟಿ ಹೋಗಲಿ ಅಂತ ಪಾರ್ಕ್ಸ್ ಕಾಲು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. ಆಮೇಲೆ ಖಾಲಿಯಾದ ಕಿಟಕಿ ಸೀಟಿಗೆ ಸರಿದು ಕೂತರು.

ಆ ಕಾಲು ಸರಿಸಿದ್ದು ನನ್ನ ಮನಸ್ಸಿಗೆ ಬಹಳ ತಟ್ಟಿತು. ಎದ್ದು ಹೋಗುವವನಿಗೆ ಒಂದು ಮಾತಿಲ್ಲ, ಒಂದು ನೋಟವಿಲ್ಲ. ಸುಮ್ಮನೆ ದಾರಿ ಬಿಟ್ಟರು.

ಬಲಗಡೆ ಪುಟದಲ್ಲಿ ನಾನು ಕಿಟಕಿ ಬಳಿಯ ಆ ಗಂಡಸು ಅಂತ ಬರೆದೆ. ಕಾರಣ ಇತ್ತು. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ನಮ್ಮ ತಂಡದಲ್ಲಿ ಒಬ್ಬಳು ಕಪ್ಪು ಸಹೋದ್ಯೋಗಿ ಇದ್ದಳು. ದೊಡ್ಡ ಬಿಡುಗಡೆಗೆ ಮುಂಚೆ ಒಂದು ದೋಷವನ್ನು ಮೊದಲು ಕಂಡುಹಿಡಿದವಳು ಅವಳು. ಮೀಟಿಂಗಿನಲ್ಲಿ ಅದರ ಹೆಸರು ಇನ್ನೊಬ್ಬರಿಗೆ ಹೋಯಿತು. ಅವಳು "ಅದನ್ನು ನಾನು ಸೋಮವಾರವೇ ಬರೆದು ಕಳಿಸಿದ್ದೆ" ಅಂದಾಗ, ಯಾಕಿಷ್ಟು ಸಿಟ್ಟು ಅಂತ ಕೇಳಿದರು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅವಳು ಕಳಿಸಿದ ಆ ಇಮೇಲ್ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೇ ಇತ್ತು. ನಾನು ಬಾಯಿ ಬಿಡಲಿಲ್ಲ. ನನಗೆ ಆಗ ವೀಸಾದ ಚಿಂತೆ ಇತ್ತು, ಅದು ಸುಳ್ಳಲ್ಲ. ಮೀಟಿಂಗ್ ಮುಗಿದ ಮೇಲೆ ಕಾರಿಡಾರಿನಲ್ಲಿ ಅವಳ ಹತ್ತಿರ ಹೋಗಿ, "ನೀನು ಹೇಳಿದ್ದೇ ಸರಿ" ಅಂದೆ. ಅವಳು ನನ್ನನ್ನು ನೋಡಿ, "ಥ್ಯಾಂಕ್ಸ್, ಒಳಗೆ ಹೇಳಿದ್ದಿದ್ದರೆ ಉಪಯೋಗ ಆಗುತ್ತಿತ್ತು" ಅಂದಳು. ಅಷ್ಟೇ. ದಾರಿ ಬಿಟ್ಟು ಹೋದಳು.

ಆ ವಾರದಲ್ಲಿ ಅವಳಿಗೆ ಒಂದು ಪತ್ರ ಬರೆದೆ. ಕ್ಷಮೆ ಕೇಳಿದೆ, ಕಾರಣ ಕೊಡಲಿಲ್ಲ. ವೀಸಾದ ವಿಷಯ ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಉತ್ತರ ಬರಲಿಲ್ಲ. ಬರಬೇಕು ಅಂತಲೂ ಇಲ್ಲ.

ಆದರೆ ಮಾಂಟ್ಗೊಮರಿಯ ಕಥೆ ಆ ಸಾಲಿನಲ್ಲಿ ನಿಲ್ಲುವುದಿಲ್ಲ ಅನ್ನುವುದೇ ನನಗೆ ದೊಡ್ಡ ಸಮಾಧಾನ. ಪಾರ್ಕ್ಸ್ ಬಂಧನವಾದ ರಾತ್ರಿಯೇ ಜೋ ಆನ್ ರಾಬಿನ್ಸನ್ ಎಂಬ ಇಂಗ್ಲಿಷ್ ಟೀಚರ್ ತನ್ನ ಕಾಲೇಜಿನ ಯಂತ್ರದಲ್ಲಿ ಬೆಳಗಿನ ತನಕ "ಸೋಮವಾರ ಬಸ್ ಹತ್ತಬೇಡಿ" ಎಂಬ ಸಾವಿರಾರು ಕರಪತ್ರ ಅಚ್ಚು ಹಾಕಿದರು. ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಆಮೇಲೆ 381 ದಿನ ಜನ ನಡೆದರು. ಯಾರು ನಡೆದರು? ಅದಕ್ಕೆ ಮುಂಚೆ ವರ್ಷಗಟ್ಟಲೆ ದಿನಾ ಎದ್ದು ಸೀಟು ಬಿಟ್ಟುಕೊಟ್ಟವರೇ. ಮನೆಕೆಲಸದವರು, ಅಡುಗೆಯವರು, ಆಯಾಗಳು. ನಿನ್ನೆ ಎದ್ದವರೇ ಇವತ್ತು ಬಸ್ ಹತ್ತಲಿಲ್ಲ. ಇದನ್ನು ಬರೆದುಕೊಂಡ ದಿನ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಮಾರನೇ ದಿನ ಒಂದು ಮನೆಗೆ ಫೋನ್ ಮಾಡಿದೆ. ಎರಡು ವರ್ಷದ ಹಿಂದೆ "ಆ ಕಡೆ ಬೇಡ" ಅಂತ ನಾನು ಹೇಳಿದ್ದ ಮೈಸೂರಿನ ಕಡೆಯ ಕುಟುಂಬ ಅದು. ನಾನು ಹೇಳಿದ್ದು ತಪ್ಪು, ಯಾಕೆ ತಪ್ಪು ಅಂತ ಫೋರ್ಸೈತ್ ಕಥೆಯನ್ನೆಲ್ಲ ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. "ಈಗ ಮನೆ ತಗೊಂಡಾಯ್ತಲ್ಲ ಮೇಡಂ" ಅಂದರು. ಅವರಿಗೆ ನಾನು ಯಾವ ಉತ್ತರವನ್ನೂ ಕೊಡಲಾಗಲಿಲ್ಲ. ಈಗ ಯಾರಾದರೂ ಏರಿಯಾ ಕೇಳಿದರೆ ನೀವೇ ಹೋಗಿ ಬೀದಿಯಲ್ಲಿ ನಡೆದು, ಅಲ್ಲಿನವರ ಜೊತೆ ಮಾತಾಡಿ ಬನ್ನಿ ಅನ್ನುತ್ತೇನೆ. ನಮ್ಮ ಕೌಂಟಿಯ ಕಥೆಯನ್ನೂ ಹೇಳುತ್ತೇನೆ. ಕೆಲವರು ಮತ್ತೆ ಫೋನ್ ಮಾಡುವುದಿಲ್ಲ.

ಜಾರ್ಜಿಯಾ ಗಿಲ್ಮೋರ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಮಾಂಟ್ಗೊಮರಿಯ ಅಡುಗೆಯ ಹೆಂಗಸು. ಬಸ್ ಬಿಟ್ಟವರನ್ನು ಕರೆದೊಯ್ಯುವ ಚಳುವಳಿಯ ಕಾರುಗಳಿಗೆ ಪೆಟ್ರೋಲ್ ಬೇಕಿತ್ತು. ಇವರು ಬೇರೆ ಹೆಂಗಸರನ್ನು ಸೇರಿಸಿಕೊಂಡು ಚಿಕನ್ ಸ್ಯಾಂಡ್‌ವಿಚ್, ಪೈ ಮಾಡಿ ಮಾರಿ ದುಡ್ಡು ಕೂಡಿಸಿದರು. ಹೆಸರು ಹೊರಬಿದ್ದರೆ ಕೊಟ್ಟವರ ಕೆಲಸ ಹೋಗುತ್ತದೆ. ಅದಕ್ಕೆ ತಮ್ಮ ಗುಂಪಿಗೆ "ಎಲ್ಲಿಂದಲೂ ಬರದವರ ಕ್ಲಬ್" ಅಂತ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ. ನಾನು ಒಂದು ವರ್ಷ ರಾಜ್ಯೋತ್ಸವಕ್ಕೆ 120 ಜನರಿಗೆ ಬಿಸಿಬೇಳೆ ಭಾತ್ ಮಾಡಿಕೊಟ್ಟಿದ್ದೆ. ವಂದನಾರ್ಪಣೆಯಲ್ಲಿ ನನ್ನ ಹೆಸರು ಬಿಟ್ಟುಹೋಯಿತು ಅಂತ ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ. ಇದು ಬಲಗಡೆ ಪುಟದಲ್ಲಿ ಎರಡೇ ಸಾಲು. ಮುಂದಿನ ನವೆಂಬರ್‌ನಲ್ಲಿ ಹೋಗಿ ತರಕಾರಿ ಹೆಚ್ಚಿಕೊಟ್ಟು ಬಂದೆ.

ಹ್ಯಾರಿಯೆಟ್ ಟಬ್‌ಮನ್ ಬಗ್ಗೆ ಎಡಗಡೆ ನಾಲ್ಕು ಪುಟ ಬರೆದೆ. ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮಗಿರಿಯಿಂದ 1849ರಲ್ಲಿ ತಪ್ಪಿಸಿಕೊಂಡವರು. ತಪ್ಪಿಸಿಕೊಂಡ ಮೇಲೆ ಸುಮಾರು 13 ಸಲ ಅದೇ ಮೇರಿಲ್ಯಾಂಡಿಗೆ ವಾಪಸ್ ಹೋಗಿ ಸುಮಾರು 70 ಜನರನ್ನು ಬಿಡಿಸಿ ತಂದರು. ತಲೆಗೆ ಬಿದ್ದ ಹಳೆಯ ಏಟಿನಿಂದ ದಾರಿ ಮಧ್ಯೆಯೇ ಇದ್ದಕ್ಕಿದ್ದಂತೆ ನಿದ್ದೆಗೆ ಜಾರಿಬಿಡುತ್ತಿದ್ದರು. ಆದರೂ ಹೋದರು. ಬಲಗಡೆ ಪುಟ ಖಾಲಿ ಇದೆ. ಪಾರಾದ ಮೇಲೆ ಯಾರಿಗಾಗಿ ವಾಪಸ್ ಹೋಗಿದ್ದೇನೆ ಅಂತ ಹುಡುಕಿದೆ. ಸಿಗಲಿಲ್ಲ. ಅದನ್ನು ಹಾಗೇ ಬಿಟ್ಟಿದ್ದೇನೆ.

ಕೊನೆಯ ವಾರ ಓದಿದ್ದು ನನ್ನ ಬದುಕಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಉಳಿದಿದೆ. ಸೆಪ್ಟಿಮಾ ಕ್ಲಾರ್ಕ್, ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ ಊರಿನವರು, 1898ರಲ್ಲಿ ಹುಟ್ಟಿದವರು. ಸುಮಾರು ನಲವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿದವರು. ಹಕ್ಕುಗಳ ಸಂಘದ ಸದಸ್ಯತ್ವ ಬಿಡಿ ಅಂತ ಸರ್ಕಾರ ಹೇಳಿದಾಗ ಬಿಡಲಿಲ್ಲ. 1956ರಲ್ಲಿ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು. ಆಗ ಅವರಿಗೆ 58. ನಮ್ಮಲ್ಲಿ ಬಹಳ ಕಾಲ ಆ ವಯಸ್ಸಿಗೆ ನಿವೃತ್ತಿಯ ಸನ್ಮಾನ ಮಾಡುತ್ತಿದ್ದರು. ಅವರು ಹೊಸ ಕೆಲಸ ಶುರು ಮಾಡಿದರು.

ಆಗ ದಕ್ಷಿಣ ಕ್ಯಾರೊಲೈನಾದಲ್ಲಿ ಮತದಾರರ ಪಟ್ಟಿಗೆ ಸೇರಬೇಕಾದರೆ ಸಂವಿಧಾನದ ಒಂದು ಭಾಗವನ್ನು ಓದಿ ತೋರಿಸಬೇಕಿತ್ತು. ಕಪ್ಪು ಜನರನ್ನು ಹೊರಗಿಡಲಿಕ್ಕೆಂದೇ ಇದ್ದ ಪರೀಕ್ಷೆ ಅದು. ಚಾರ್ಲ್ಸ್‌ಟನ್ ಪಕ್ಕದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬವರು ಕೆಲಸಗಾರರನ್ನು ತಮ್ಮ ಬಸ್ಸಿನಲ್ಲಿ ಪಟ್ಟಣಕ್ಕೆ ಕರೆದೊಯ್ಯುತ್ತಿದ್ದರು. ಹೋಗುತ್ತಾ ಬಸ್ಸಿನಲ್ಲೇ ಓದು ಹೇಳಿಕೊಡುತ್ತಿದ್ದರು. ಅದು ಸಾಲದು, ಶಾಲೆಯೇ ಬೇಕು ಅಂತ ಆಯಿತು. ಹೈಲ್ಯಾಂಡರ್‌ನವರ ಸಹಾಯದಿಂದ ಒಂದು ಹಳೆಯ ಕಟ್ಟಡ ಕೊಂಡರು. ಮುಂದೆ ದಿನಸಿ ಅಂಗಡಿ, ಹಿಂದಿನ ಕೋಣೆಯಲ್ಲಿ ತರಗತಿ. ಹೊರಗಿನಿಂದ ನೋಡಿದವರಿಗೆ ಅಂಗಡಿ ಮಾತ್ರ ಕಾಣಬೇಕು.

ಪಾಠ ಮಾಡಲು ಕ್ಲಾರ್ಕ್ ಆರಿಸಿದ್ದು ಬರ್ನೀಸ್ ರಾಬಿನ್ಸನ್ ಅವರನ್ನು. ಕೂದಲು ಕತ್ತರಿಸಿ ಸಿಂಗಾರ ಮಾಡುವ ಕೆಲಸದವರು, ಹೊಲಿಗೆಯೂ ಗೊತ್ತು. ನಾನು ಟೀಚರ್ ಅಲ್ಲ ಅಂತ ಅವರು ಹಿಂದೆ ಸರಿದರು. ಟೀಚರ್ ಅಲ್ಲದಿರುವುದಕ್ಕೇ ನೀನು ಬೇಕು ಅಂತ ಕ್ಲಾರ್ಕ್ ಪಟ್ಟು ಹಿಡಿದರು. ದೊಡ್ಡವರನ್ನು ಮಕ್ಕಳಂತೆ ಗದರಿಸದೆ ಮಾತು ಕೇಳಿಸಿಕೊಳ್ಳುವವರು ಬೇಕಿತ್ತು. ಇನ್ನೊಂದು ಕಾರಣವೂ ಇತ್ತು. ಬರ್ನೀಸ್ ಗಿರಾಕಿಗಳೆಲ್ಲ ಕಪ್ಪು ಹೆಂಗಸರು. ಆದ್ದರಿಂದ ಅವರನ್ನು ಕೆಲಸದಿಂದ ತೆಗೆದುಹಾಕಲು ಯಾವ ಬಿಳಿ ಧಣಿಯೂ ಇರಲಿಲ್ಲ.

1957ರ ಜನವರಿಯಲ್ಲಿ, 14 ಜನ ದೊಡ್ಡವರೊಂದಿಗೆ ತರಗತಿ ಶುರುವಾಯಿತು. ಬರ್ನೀಸ್ ಪ್ರಾಥಮಿಕ ಶಾಲೆಯ ಮಕ್ಕಳ ಪುಸ್ತಕ, ಚಿತ್ರಗಳನ್ನು ತಂದಿದ್ದರು. ಇವರ ಮುಂದೆ ನಿಂತ ಮೇಲೆ ಇದು ಹೊಂದುವುದಿಲ್ಲ ಅಂತ ಗೊತ್ತಾಯಿತು. ಅದನ್ನು ಪಕ್ಕಕ್ಕಿಟ್ಟು, ನಾನೂ ನಿಮ್ಮ ಜೊತೆ ಕಲಿಯುತ್ತೇನೆ, ನಿಮಗೆ ಏನು ಬೇಕು ಅಂತ ಕೇಳಿದರು. ದೂರದಲ್ಲಿರುವ ಮಗನ ಪತ್ರ ಓದಬೇಕು. ಮನಿ ಆರ್ಡರ್ ತುಂಬಬೇಕು. ಬೈಬಲ್ ಓದಬೇಕು. ಅಂಗಡಿಯ ಕ್ಯಾಟಲಾಗ್ ನೋಡಿ ಆರ್ಡರ್ ಬರೆಯಬೇಕು. ಹೆಸರು ಬರೆಯಬೇಕು. ಪಾಠ ಅಲ್ಲಿಂದಲೇ ಹೊರಟಿತು. ಹೆಸರು ಬರೆಯಲು ರಟ್ಟಿನ ಮೇಲೆ ಅವರವರ ಹೆಸರು ದಪ್ಪಕ್ಕೆ ಬರೆದು, ಅದರ ಮೇಲೆ ಪೆನ್ಸಿಲ್ ಓಡಿಸಿ ಓಡಿಸಿ ಕೈಗೆ ರೂಢಿ ಮಾಡಿಸುತ್ತಿದ್ದರು. ಮುಂದೆ ಈ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹರಡಿದವು. ಟೀಚರುಗಳಿಗೆ ತರಬೇತಿ ನಡೆದದ್ದು ನಮ್ಮ ಜಾರ್ಜಿಯಾದ ಡಾರ್ಚೆಸ್ಟರ್‌ನಲ್ಲಿ.

ಇದನ್ನು ಓದುವ ಹೊತ್ತಿಗೆ ನಾನೂ ಒಬ್ಬರಿಗೆ ಪಾಠ ಹೇಳುತ್ತಿದ್ದೆ. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ, ಮಂಡ್ಯ ಕಡೆಯವರು, ಮಗನ ಮನೆಗೆ ಬಂದು ಇದ್ದಾರೆ. ಶಾಲೆಗೆ ಹೋದವರಲ್ಲ. ಹಗಲೆಲ್ಲ ಒಬ್ಬರೇ. ಅವರಿಗೆ ಇಂಗ್ಲಿಷ್ ಕಲಿಸೋಣ ಅಂತ ನಾನೇ ಮುಂದೆ ಬಿದ್ದು ಹೋಗಿದ್ದೆ. ಬಣ್ಣ ಬಣ್ಣದ ಎಬಿಸಿಡಿ ಪುಸ್ತಕ ಕೊಂಡೊಯ್ದಿದ್ದೆ. ಆ್ಯಪಲ್, ಬಾಲ್, ಕ್ಯಾಟ್. ಮೂರು ವಾರ ಅಜ್ಜಿ ನಾನು ಹೇಳಿದ್ದನ್ನೆಲ್ಲ ಹೇಳಿದರು. ನಾಲ್ಕನೇ ವಾರ ಸೊಂಟ ನೋವು ಅಂದರು. ಐದನೇ ವಾರವೂ ಸೊಂಟ ನೋವು. ವಯಸ್ಸಾದವರಿಗೆ ಮನಸ್ಸಿರುವುದಿಲ್ಲ ಅಂತ ನಾನು ಮನೆಯಲ್ಲಿ ಹೇಳಿದ್ದೆ. ಬರ್ನೀಸ್ ಕಥೆ ಬರೆದು ಬಲಗಡೆ ಪುಟಕ್ಕೆ ಬಂದಾಗ ಆ ಮಾತು ನೆನಪಾಯಿತು. ಮೂರು ವಾರದಲ್ಲಿ ನಾನು ಅಜ್ಜಿಗೆ ಒಂದು ಸಲವೂ ನಿಮಗೇನು ಬೇಕು ಅಂತ ಕೇಳಿರಲಿಲ್ಲ.

ಪುಸ್ತಕ ಮನೆಯಲ್ಲೇ ಬಿಟ್ಟು ಹೋದೆ. ಅಜ್ಜಿ ಅಡುಗೆಮನೆಯ ಕಿಟಕಿ ಬಳಿ ಕೂತು ಅವರೆಕಾಳು ಸುಲಿಯುತ್ತಿದ್ದರು. ನಾನೂ ಒಂದು ಹಿಡಿ ತೆಗೆದುಕೊಂಡು ಕೂತೆ. "ಅಜ್ಜಿ, ನಿಮಗೆ ಏನು ಕಲಿಯಬೇಕು ಅಂತ ಆಸೆ?" ಅಂದೆ. ಅವರು ತಲೆ ಎತ್ತಲಿಲ್ಲ. ಎರಡು ಕಾಯಿ ಸುಲಿದರು. "ಬಿಪಿ ಮಾತ್ರೆ ಡಬ್ಬಿ ಯಾವ್ದು, ಸಕ್ಕರೆ ಮಾತ್ರೆ ಡಬ್ಬಿ ಯಾವ್ದು ಅಂತ ಗೊತ್ತಾಗಬೇಕು. ಸೊಸೆ ಕೆಲಸಕ್ಕೆ ಹೋದ್ಮೇಲೆ ಭಯ ಆಯ್ತದೆ" ಅಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೂ ಮುಂಚೆ ನನ್ನ ಹೆಸರು ಬರೀಬೇಕು. ಕನ್ನಡದಲ್ಲಿ. ಪಾಸ್‌ಪೋರ್ಟಿಗೂ ಹೆಬ್ಬೆಟ್ಟೇ ಒತ್ತಿ ಬಂದೆ ಕಣವ್ವ" ಅಂದರು.

ಕನ್ನಡದಲ್ಲಿ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಕಾರ್ನ್‌ಫ್ಲೇಕ್ಸ್ ಡಬ್ಬಿಯ ರಟ್ಟು ಕತ್ತರಿಸಿ, ಒಳಮೈ ಮೇಲೆ ದಪ್ಪ ಮಾರ್ಕರ್‌ನಲ್ಲಿ ಅವರ ಹೆಸರು ಬರೆದೆ. ನಾಲ್ಕು ಅಕ್ಷರ, ಕೊನೆಯದು "ಮ್ಮ". ಅಜ್ಜಿ ಪೆನ್ಸಿಲನ್ನು ಕುಡುಗೋಲು ಹಿಡಿದ ಹಾಗೆ ಮುಷ್ಟಿಯಲ್ಲಿ ಹಿಡಿದರು. ಬೆರಳು ಬಿಡಿಸಿ ಕೂರಿಸಲು ನನ್ನ ಕೈಯನ್ನು ಅವರ ಕೈಯ ಮೇಲೆ ಇಟ್ಟೆ. ಒರಟು ಕೈ, ಅವರೆಕಾಯಿಯ ಸೊಗಡಿನ ಅಂಟು. ಮೊದಲ ಮೂರು ಅಕ್ಷರ ನಾಲ್ಕು ದಿನದಲ್ಲಿ ಬಂದವು. ಒತ್ತಕ್ಷರದ ಹತ್ತಿರ ಪೆನ್ಸಿಲ್ ಜಾರುತ್ತಿತ್ತು. ಅಲ್ಲಿ ಅವರು ಪ್ರತಿ ಸಲ ಉಸಿರು ಬಿಗಿಹಿಡಿಯುತ್ತಿದ್ದರು. ಮಾತ್ರೆ ಡಬ್ಬಿಗಳನ್ನು ಈ ಮಧ್ಯೆ ಕಲಿತಾಯಿತು. ಒಂದರ ಹೆಸರು ಎಂ ಅಕ್ಷರದಿಂದ, ಇನ್ನೊಂದು ಎ ಅಕ್ಷರದಿಂದ. ಅದಕ್ಕೆ ಎರಡೇ ದಿನ ಸಾಕಾಯಿತು.

ರಟ್ಟು ಸವೆದು ಹರಿಯಿತು. ಎರಡನೇ ರಟ್ಟೂ ಹರಿಯಿತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಹೋದಾಗ ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಕ್ಯಾಲೆಂಡರ್‌ನ ಹಿಂಬದಿಯ ಹಾಳೆ. ಅದರ ತುಂಬಾ, ಮೇಲಿಂದ ಕೆಳಗಿನ ತನಕ, ಅವರ ಹೆಸರು. ಕೆಲವು ಕಡೆ ಒತ್ತು ಕೆಳಗಿನ ಸಾಲಿಗೆ ಇಳಿದಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ಇನ್ನೊಂದು ಹೆಸರು ಇತ್ತು, ನನ್ನದು. ಸೊಸೆಯನ್ನು ಕೇಳಿ ಬರೆಸಿಕೊಂಡು, ಅದನ್ನು ನೋಡಿ ಬರೆದಿದ್ದರಂತೆ.

"ನಿನ್ನ ಹೆಸರು ನಂದಕ್ಕಿಂತ ಸುಲಭ ಐತೆ" ಅಂದರು. "ಒಳಗೆ ಬಾ. ಕಾಫಿ ಆಗೈತೆ."

ಅವರದೇ ಲೋಟದ ಪಕ್ಕ ನನ್ನ ಲೋಟ ಇಟ್ಟು, ಎರಡಕ್ಕೂ ಪಾತ್ರೆಯ ಅಂಚು ತಾಗಿಸಿ ಕಾಫಿ ಹುಯ್ದರು.